ಬುದ್ಧಿ ಅಳೆಯುವವರ ಸನ್ನಿಧಾನದಲ್ಲಿ

ನನ್ನ ವೃತ್ತಿಯ ಬಗ್ಗೆ ನನಗೆ ಸರಿಯಾಗಿ ಹೇಸಿಗೆ ಹುಟ್ಟಿದ್ದು ನಿವೃತ್ತಿಯಾದ ಮೇಲೆ. ಕೆಲಸದಲ್ಲಿದ್ದಾಗ ಹೇಸಿಗೆಪಡಲು ಪುರುಸೊತ್ತಿರಲಿಲ್ಲ, ಸರಕಾರ ಅದಕ್ಕೆಂದು ರಜೆಯನ್ನೂ ಮಂಜೂರು ಮಾಡುತ್ತಿರಲಿಲ್ಲ. ಈಗ ಸನತ್‌ನಗರದ ಮನೆಯಲ್ಲಿ, ಹಿಂದಿನ ಶೆಡ್ಡಿನ ಲೇತ್ ಮಷೀನು ಕಿರಿಚುವುದನ್ನು ಕೇಳುತ್ತ, ಬೆಳಗಿನ ಚಹಾದ ಜೊತೆಗೆ ಸಾವಕಾಶವಾಗಿ ಹೇಸಿಕೊಳ್ಳುತ್ತೇನೆ. ಪಿಂಚಣಿಯ ಸುಖಗಳಲ್ಲಿ ಇದೂ ಒಂದು.

ನಾನು ಚಿಕಿತ್ಸಾ ಮನಃಶಾಸ್ತ್ರದವಳು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಜನಕ್ಕೆ ಬೇಗ ತಿಳಿಯುತ್ತದೆ, ಅಂದರೆ ಬೇಗ ತಪ್ಪು ತಿಳಿಯುತ್ತದೆ. ನಮ್ಮ ಓಣಿಯವರ ಪಾಲಿಗೆ ನಾನು ಔಷಧಿ ಬರೆಯಲು ಬಾರದ ಡಾಕ್ಟರು. ಬಿ.ಪಿ. ನೋಡಿರೆಂದು ತೋಳು ಚಾಚಿದವರಿಗೆ ಅದು ನನ್ನ ಕೆಲಸವಲ್ಲ ಎಂದರೆ, ಹಾಗಾದರೆ ಅಷ್ಟು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ಇವರನ್ನು ಯಾಕೆ ಇಟ್ಟುಕೊಂಡಿದ್ದರು ಎಂದು ಮರುಕದಿಂದ ನೋಡುತ್ತಾರೆ.

ಯಾಕೆ ಇಟ್ಟುಕೊಂಡಿದ್ದರೆಂದರೆ, ಅಳೆಯಲಿಕ್ಕೆ. ಈ ಅಳತೆಯ ಪುರಾಣವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು, ಇಲ್ಲವಾದರೆ ಮುಂದಿನ ಕಥೆಯ ಮಹಿಮೆ ತಿಳಿಯಲಾರದು. ನಮ್ಮ ಶಾಸ್ತ್ರ ದೇವತೆಗಳಿಂದ ಶುರುವಾಗುವುದಿಲ್ಲ, ಕಾಗುಣಿತ ಬಾರದ ಒಬ್ಬ ಹುಡುಗನಿಂದ ಶುರುವಾಗುತ್ತದೆ. ಅಮೆರಿಕೆಯಲ್ಲಿ ಒಬ್ಬ ಶಾಲಾಶಿಕ್ಷಕಿ ಅವನನ್ನು ಪ್ರಾಧ್ಯಾಪಕರೊಬ್ಬರ ಎದುರು ನಿಲ್ಲಿಸಿ, ನಿಮ್ಮ ಮನಃಶಾಸ್ತ್ರದಿಂದ ಇವನಿಗೇನಾದರೂ ಉಪಯೋಗವುಂಟೇ ಎಂದು ಕೇಳಿದಳಂತೆ. ಪ್ರಾಧ್ಯಾಪಕರು ಹುಡುಗನ ಕಣ್ಣು ತಪಾಸಣೆ ಮಾಡಿಸಿದರು. ಕಣ್ಣು ಸರಿಯಿರಲಿಲ್ಲ. ಕನ್ನಡಕ ಕೊಡಿಸಿ, ಮೇಲೆ ಪಾಠ ಹೇಳಿಸಿದರು. ನಮ್ಮ ಮೊದಲ ಚಿಕಿತ್ಸಾಲಯ ಹುಟ್ಟಿದ್ದು ಹೀಗೆ. ಮಗುವಿಗೆ ಬುದ್ಧಿ ಇಲ್ಲವೆನ್ನುವ ಮುನ್ನ ಅದಕ್ಕೆ ಕಾಣುತ್ತದೆಯೇ ಕೇಳುತ್ತದೆಯೇ ನೋಡು ಎಂಬುದು ನಮ್ಮ ಮೂಲಮಂತ್ರವಾಗಬೇಕಿತ್ತು. ಆಗಲಿಲ್ಲ. ಅತ್ತ ಫ್ರಾನ್ಸಿನಲ್ಲಿ ಮತ್ತೊಬ್ಬ ಮಹಾಶಯರು ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗಲೆಂದು ಪ್ರಶ್ನೆಗಳನ್ನು ಜೋಡಿಸಿದರು, ಇದನ್ನು ಮಗುವಿನ ಹಣೆಬರಹ ಮಾಡಬೇಡಿರೆಂದು ಎಚ್ಚರಿಕೆಯನ್ನೂ ಕೊಟ್ಟರು. ಪ್ರಶ್ನೆಗಳು ಸಮುದ್ರ ದಾಟಿದವು, ಎಚ್ಚರಿಕೆ ಅಲ್ಲಿಯ ದಡದಲ್ಲೇ ಉಳಿಯಿತು. ಆಮೇಲೆ ಯುದ್ಧಗಳು ಬಂದವು. ಸೈನಿಕರನ್ನು ಜೋಳ ಹಸನುಮಾಡಿದಂತೆ ಮೊರಕ್ಕೆ ಹಾಕಿ ಕೇರಿದರು. ಯುದ್ಧದಿಂದ ಮನಸ್ಸು ಮುರಿದು ಬಂದವರಿಗೆ ವೈದ್ಯರು ಸಾಲದಾದಾಗ, ನೀವೂ ಒಂದು ಕೈ ಹಚ್ಚಿರಿ ಎಂದು ನಮ್ಮವರನ್ನು ಕರೆದರು. ನಾವು ಚಿಕಿತ್ಸೆ ಮಾಡುವವರಾದದ್ದು ಹಾಗೆ, ಪಂಕ್ತಿಯಲ್ಲಿ ಬಡಿಸುವವರು ಕಡಿಮೆಯಾದಾಗ ಉಣ್ಣಲು ಬಂದವನ ಕೈಗೆ ಸೌಟು ಕೊಟ್ಟಂತೆ.

ಈ ಮಹಾವಿದ್ಯೆ ನನ್ನ ಕೈಗೆ ಬಂದದ್ದು ಒಂದು ತಗಡಿನ ಪೆಟ್ಟಿಗೆಯಲ್ಲಿ. ಅದರೊಳಗೆ ಬಣ್ಣದ ಮರದ ತುಂಡುಗಳು, ಮಸಿ ಚೆಲ್ಲಿದ ಕಾರ್ಡುಗಳು, ಏನೋ ಒಂದು ಅಂಗ ಬಿಟ್ಟುಹೋದ ಚಿತ್ರಗಳು. ಹಿಮದ ಮೇಲೆ ಜಾರುವ ಬಂಡಿಯ ಚಿತ್ರವೊಂದಿತ್ತು, ಇದರಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಬೇಕು. ಜಹೀರಾಬಾದ್ ಕಡೆಯ ಒಂದು ಮಗು ಒಂದು ಕ್ಷಣವೂ ತಡೆಯದೆ, ಎತ್ತು ಎಂದಿತು. ಅದಕ್ಕಿಂತ ಸರಿಯಾದ ಉತ್ತರವನ್ನು ನಾನು ಇಂದಿಗೂ ಕೇಳಿಲ್ಲ. ಕೈಪಿಡಿಯ ಪ್ರಕಾರ ಅದಕ್ಕೆ ಸೊನ್ನೆ. ನಾವೆಲ್ಲ ಆ ಪೆಟ್ಟಿಗೆಯನ್ನು ಬೈಯುತ್ತಲೇ ಬಳಸಿದೆವು, ಸಂಬಂಧಿಕರನ್ನು ಬೈಯುತ್ತಲೇ ಮದುವೆಗೆ ಕರೆದಂತೆ. ಆದರೂ ನಮಗೆ ಒಂದಿಷ್ಟು ನಾಚಿಕೆಯಿತ್ತು. ಅಂಕದ ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದೆವು, ಈ ಮಗು ಹಳ್ಳಿಯದು, ಹಿಮ ಕಂಡಿಲ್ಲ ಎಂದು.

ಈಗಿನವರಿಗೆ ಆ ನಾಚಿಕೆಯೂ ಇಲ್ಲವೆಂದು ನನಗೆ ಮನವರಿಕೆಯಾದದ್ದು ಹೋದ ಬೇಸಿಗೆಯಲ್ಲಿ. ಒಂದು ಭಾನುವಾರ ನನ್ನ ತಂಗಿಯ ಮಗಳು ಗಚ್ಚಿಬೌಲಿಯಿಂದ ತನ್ನ ಮಗಳನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ ಕಣ್ಣು ಒದ್ದೆ.

"ದೊಡ್ಡವ್ವ, ಇಕಿಗೆ ಬುದ್ಧಿ ಕಡಿಮಿ ಐತಿ ಅಂತ ಬರದು ಕೊಟ್ಟಾರ."

ಹುಡುಗಿ ಒಂದನೆಯ ತರಗತಿ ಮುಗಿಸಿತ್ತು. ತಂದೆತಾಯಿ ಇಬ್ಬರೂ ನೌಕರಿಯವರಾದ್ದರಿಂದ ಅದು ಬೆಳೆದದ್ದು ಬೀದರಿನಲ್ಲಿ ಅಜ್ಜಿಯ ಹತ್ತಿರ, ಇಲ್ಲಿಗೆ ಬಂದು ವರ್ಷವಾಗಿತ್ತು ಅಷ್ಟೆ. ಶಾಲೆಯಲ್ಲಿ ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲವಂತೆ. ಶಾಲೆಯವರು ಹೇಳಿದ ಒಂದು ಶಿಶುವಿಕಾಸ ಕೇಂದ್ರಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಿದರೆ, ಬುದ್ಧಿಮಾಂದ್ಯ ಎಂಬ ವರದಿ ಬಂತು. ಶಾಲೆ ತೆರೆಯುವಾಗ ಹುಡುಗಿಯನ್ನು ಉಳಿದ ಮಕ್ಕಳಿಂದ ಬೇರೆ ಮಾಡಿ ವಿಶೇಷ ವಿಭಾಗಕ್ಕೆ ಹಾಕಬೇಕು, ಅಥವಾ ಬೇರೆ ಶಾಲೆ ನೋಡಿಕೊಳ್ಳಬೇಕು ಎಂದು ಪ್ರಿನ್ಸಿಪಾಲರು ಬಹಳ ಸವಿಯಾಗಿ ಹೇಳಿದ್ದರು. ಆ ವಿಶೇಷ ವಿಭಾಗ ಯಾವುದೆಂದು ನನ್ನ ತಂಗಿಯ ಮಗಳು ನೋಡಿಕೊಂಡೇ ಬಂದಿದ್ದಳು. ನೆಲಮಾಳಿಗೆಯ ಒಂದು ಕೋಣೆ, ಗೋಡೆಯ ತುಂಬ ಚಿಟ್ಟೆಯ ಚಿತ್ರ, ಒಬ್ಬ ಆಯಾ, ಮಣಿ ಪೋಣಿಸುತ್ತ ಕೂತ ದೊಡ್ಡ ದೊಡ್ಡ ಮಕ್ಕಳು. ಒಮ್ಮೆ ಅಲ್ಲಿಗೆ ಇಳಿದವರು ಮೇಲೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ತಾಯಿ ಇದನ್ನೆಲ್ಲ ಹೇಳುತ್ತಿದ್ದಾಗ ಬುದ್ಧಿಮಾಂದ್ಯ ಹುಡುಗಿ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಬಂದು, ನನ್ನ ಮನೆಗೆ ಲಿಫ್ಟ್ ಯಾಕಿಲ್ಲ ಎಂದು ವಿಚಾರಣೆ ಆರಂಭಿಸಿತು. ಒಂದೇ ಮಹಡಿ, ಲಿಫ್ಟ್ ಯಾಕೆ ಬೇಕು ಎಂದೆ. ಅದು ಒಪ್ಪಿ, ತನ್ನ ಕಟ್ಟಡದ ಒಂದು ಗುಟ್ಟನ್ನು ಅಜ್ಜಿಯಾದ ನನಗೆ ಹೇಳಿತು.

"ಆಯಿ, ನಮ್ಮ ಲಿಫ್ಟಿನ್ಯಾಗ ಹದಿಮೂರು ಇಲ್ಲ. ಹನ್ನೆರಡಾದ ಮ್ಯಾಲ ಸೀದಾ ಹದಿನಾಲ್ಕು. ನಮ್ಮ ಮನಿ ಹದಿನೈದರಾಗ ಐತಿ ಅಂತಾರ, ಅದು ಸುಳ್ಳ. ಖರೇ ಅಂದ್ರ ಹದಿನಾಲ್ಕರಾಗ ಐತಿ. ಯಾರಿಗೂ ಗೊತ್ತಿಲ್ಲ."

ಆ ಕಟ್ಟಡದಲ್ಲಿ ಅಮೆರಿಕೆಯ ಬ್ಯಾಂಕುಗಳ ಲೆಕ್ಕ ಸರಿಮಾಡುವ ಎಂಜಿನಿಯರುಗಳು ತುಂಬಿದ್ದಾರೆ. ಅವರಲ್ಲಿ ಒಬ್ಬರಿಗೂ ತಾವು ಯಾವ ಮಹಡಿಯಲ್ಲಿ ಮಲಗುತ್ತೇವೆಂಬ ಸಂಶಯ ಬಂದಿರಲಾರದು. ನಾನು ತಾಯಿಯ ಮುಖ ನೋಡಿದೆ. ಆಕೆ, ಮನೆಯಲ್ಲಿ ಹೀಗೇ ತಲೆ ತಿನ್ನುತ್ತಾಳೆ, ಹೊರಗೆ ಹೋದರೆ ಮಾತ್ರ ಮೂಕಿ ಎಂದಳು.

ಇಲ್ಲಿ ನಮ್ಮ ಮನೆತನದ ಒಂದು ಸಂಪ್ರದಾಯವನ್ನು ಹೇಳಬೇಕು. ಹೈದರಾಬಾದಿನ ನಮ್ಮಂಥ ಕನ್ನಡದವರಲ್ಲಿ ಕನ್ನಡವೆಂಬುದು ಒಳ ಉಡುಪಿದ್ದಂತೆ: ಇರಲೇಬೇಕು, ಹೊರಗೆ ಕಾಣಬಾರದು. ನಮ್ಮ ಅಜ್ಜ ಕಚೇರಿಯಲ್ಲಿ ಆಡುತ್ತಿದ್ದ ಉರ್ದುವನ್ನು ಕೇಳಿ ಮೌಲವಿಗಳೇ ತಲೆದೂಗುತ್ತಿದ್ದರಂತೆ. ಆಮೇಲೆ ಕಾಲ ಬದಲಾಗಿ ನಾವು ತೆಲುಗಿಗೆ ಬದಲಾದೆವು. ಇಲ್ಲಿಯವರು ಯಾರು, ಹೊರಗಿನವರು ಯಾರು ಎಂದು ಜನ ಕೇಳತೊಡಗಿದ ವರ್ಷಗಳಲ್ಲಿ ಆ ತೆಲುಗಿಗೆ ಇನ್ನಷ್ಟು ಪಾಲಿಶ್ ಹಾಕಿದೆವು. ಮಕ್ಕಳಿಗೆ ಕಲಿಸಿದ ಸೂತ್ರ ಒಂದೇ: ಕಾಲಿಗೆ ಚಪ್ಪಲಿ ಬಂದರೆ ಬಾಯಿಂದ ಕನ್ನಡ ಹೋಗಬೇಕು. ಬೀದರಿನಿಂದ ಬಂದ ಈ ಹುಡುಗಿಗೂ ಬಂದ ವಾರವೇ ಅದರ ಉಪದೇಶವಾಗಿತ್ತು. ಚಪ್ಪಲಿ ಹಾಕಿದಾಗ ಆಡಬೇಕಾದ ತೆಲುಗೂ ಇಂಗ್ಲಿಷೂ ಅದಕ್ಕಿನ್ನೂ ನೆಟ್ಟಗೆ ಬರುತ್ತಿರಲಿಲ್ಲವೆಂಬುದು ಉಪದೇಶ ಮಾಡಿದವರಿಗೆ ಹೊಳೆದಿರಲಿಲ್ಲ.

ಪರೀಕ್ಷೆ ಮಾಡಿದವರು ಏನು ಕೇಳಿದರು ಎಂದು ಹುಡುಗಿಯನ್ನು ಕೇಳಿದೆ. ಚಿತ್ರ ತೋರಿಸಿದರು ಎಂದಿತು. ನೀನೇನು ಹೇಳಿದೆ ಎಂದೆ.

"ಅಲ್ಲಿ ಚಪ್ಪಲಿ ತೆಗಸಿದ್ರಲ್ಲ, ನಾ ಮನಿ ಅನ್ಕೊಂಡ್ನಿ. ಹೇಳಾಕ ಹತ್ತಿದ್ನಿ. ಅವ್ವ ಕಾಜಿನ ಆಚೀಕಡಿಂದ ಕಣ್ಣ ಬಿಟ್ಟು ನೋಡಿದ್ಲು. ಸುಮ್ನಾದ್ನಿ."

ತಾಯಿಯ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಆ ಕೋಣೆಗೆ ಗಾಜಿನ ಗೋಡೆಯಿತ್ತು, ತಂದೆತಾಯಿ ಹೊರಗೆ ಕೂತು ನೋಡಬಹುದಿತ್ತು. ಮೆತ್ತನೆಯ ಹಾಸಿನ ಮೇಲೆ ಕೂರಿಸಲು ಮಕ್ಕಳ ಪಾದರಕ್ಷೆ ತೆಗೆಸುತ್ತಿದ್ದರು. ಮಗಳ ತುಟಿಯ ಮೇಲೆ ಕನ್ನಡ ಮೂಡಿದ್ದನ್ನು ಕಂಡು ತಾಯಿ, ಮನೆಗೆ ಬಂದ ಅತಿಥಿಗಳ ಮುಂದೆ ಮಾಡುವಂತೆ, ಅಭ್ಯಾಸಬಲದಿಂದ ಕಣ್ಣು ಮಾಡಿದ್ದಳು. ಮುಂದಿನ ಎಲ್ಲ ಪ್ರಶ್ನೆಗಳಿಗೂ ಮಗಳು ವಿಧೇಯತೆಯಿಂದ ಸೊನ್ನೆ ಪಡೆದಿದ್ದಳು.

"ನಾನs ಬಾಯಿ ಮುಚ್ಚಿಸಿದ್ನೇನು ದೊಡ್ಡವ್ವ?"

"ನೀ ಒಬ್ಬಾಕಿನs ಅಲ್ಲ," ಎಂದೆ. "ನಿಮ್ಮ ಮುತ್ತಜ್ಜನಿಂದ ಹಿಡದು ಎಲ್ಲಾರೂ ಕೂಡಿ ಮುಚ್ಚಿಸೀವಿ. ಈಗ ಅಳಬ್ಯಾಡ, ಚಾ ಕುಡಿ. ನಾಳೆ ಅಲ್ಲಿಗೆ ಹೋಗೂಣು."

ಮರುದಿನ ಗಚ್ಚಿಬೌಲಿಯ ಆ ಕೇಂದ್ರಕ್ಕೆ ಹೋದೆವು. ನಾನು ಕೆಲಸ ಮಾಡಿದ ಆಸ್ಪತ್ರೆ ಫಿನಾಯಿಲ್ ನಾರುತ್ತಿತ್ತು. ಈ ಕೇಂದ್ರ ಲ್ಯಾವೆಂಡರ್ ನಾರುತ್ತಿತ್ತು. ಫಿನಾಯಿಲಿಗೆ ಕನಿಷ್ಠ ಒಂದು ಉದ್ದೇಶವಿತ್ತು. ಗೋಡೆಯ ಮೇಲೆ ನಗುವ ಅಳುವ ಹಳದಿ ಮುಖಗಳ ಪಟ, ಇವತ್ತು ನೀವು ಯಾವ ಮುಖ ಎಂದು ಅದರ ಕೆಳಗೆ ಪ್ರಶ್ನೆ. ನಾನು ಹುಡುಕಿದ ಮುಖ ಅದರಲ್ಲಿರಲಿಲ್ಲ. ಕೂರಲು ಕುರ್ಚಿಯಿಲ್ಲ, ಕಾಳಿನ ಚೀಲದಂಥ ದಿಂಬುಗಳು. ನನ್ನಂಥ ಮೊಣಕಾಲಿನವಳು ಅದರಲ್ಲಿ ಕೂತರೆ ಏಳಿಸಲು ಪಂಚಾಯಿತಿ ಸೇರಬೇಕು. ಮೂಲೆಯ ತೊಟ್ಟಿಯಲ್ಲಿ ನೀಲಿ ಹಸಿರು ಬಣ್ಣ ಹಚ್ಚಿದ ಅಕ್ಕಿ, ಅದರಲ್ಲಿ ಕೈಯಾಡಿಸಿದರೆ ಮಕ್ಕಳ ಇಂದ್ರಿಯಗಳು ಅರಳುತ್ತವಂತೆ. ಜೊಲ್ಲು, ಸಿಂಬಳ, ಬಿಸ್ಕತ್ತಿನ ಪುಡಿ ಎಲ್ಲ ಸೇರಿ ಅರಳಿದ ಆ ಅಕ್ಕಿಯನ್ನು ನೋಡಿ ನಾನು ಸೆರಗನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಗಿಸಿಕೊಂಡೆ.

ನಿರ್ದೇಶಕನೆಂಬ ತರುಣ ಬಂದ. ಒಳ್ಳೆಯ ಅಂಗಿ, ಒಳ್ಳೆಯ ಇಂಗ್ಲಿಷು, ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳುವ ಅಭ್ಯಾಸ. ಗೋಡೆಯ ಮೇಲೆ ಅವನ ಪ್ರಮಾಣಪತ್ರಗಳಿದ್ದವು. ಅವುಗಳಲ್ಲಿ ಒಂದು ಅಮೀರ್‌ಪೇಟೆಯದು. ಒಂದೇ ಬೋರ್ಡಿನ ಮೇಲೆ ಜಾವಾ, ಸ್ಪೋಕನ್ ಇಂಗ್ಲಿಷ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ಬರೆದಿರುತ್ತಾರಲ್ಲ, ಅಂಥ ವಿದ್ಯಾಪೀಠದ್ದು. ಮೂರನ್ನೂ ಒಂದೇ ಕೋಣೆಯಲ್ಲಿ ಕಲಿಸುತ್ತಾರೆ, ಬೆಂಚು ಬದಲಾಗುವುದಿಲ್ಲ. ಪರೀಕ್ಷೆ ಮಾಡಿದ್ದು ಈ ತರುಣನೇ. ವರದಿಯ ಕೆಳಗಿದ್ದ ಸಹಿ ಮಾತ್ರ ಅರ್ಹತೆಯುಳ್ಳ ಇನ್ನಾರದೋ, ಅವರು ವಾರಕ್ಕೊಮ್ಮೆ ಬಂದು ರಾಶಿಗಟ್ಟಲೆ ಸಹಿ ಹಾಕಿ ಹೋಗುತ್ತಾರಂತೆ. ಕುದುರೆಯ ಮುಖವನ್ನೇ ನೋಡದೆ ಲಾಳ ಹೊಡೆದಂತೆ.

ಯಾವ ಭಾಷೆಯಲ್ಲಿ ಪರೀಕ್ಷಿಸಿದಿರಿ ಎಂದು ಕೇಳಿದೆ. ಈ ಪರೀಕ್ಷೆಗೆ ಭಾಷೆಯೇ ಬೇಡ ಮೇಡಂ, ಎಲ್ಲ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಎಂದ. ಚಿತ್ರ ನೋಡಿ ಏನು ಮಾಡಬೇಕೆಂದು ಯಾವ ಭಾಷೆಯಲ್ಲಿ ಹೇಳಿದಿರಿ ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ, ಆಮೇಲೆ ತೆಲುಗಿನಲ್ಲೂ ಹೇಳಿದೆ, ಮಗು ಸಹಕರಿಸಲಿಲ್ಲ, ಸಹಕರಿಸದ ಕಡೆ ಸೊನ್ನೆ ಹಾಕಬೇಕು ಎಂದ. ಮನೆಮಾತು ಯಾವುದೆಂದು ತಾಯಿಯನ್ನು ಕೇಳಿದಿರಾ ಎಂದೆ. ತಾಯಿಯ ತೆಲುಗು ಅಷ್ಟು ಚೆನ್ನಾಗಿತ್ತು, ಕೇಳುವ ಅಗತ್ಯ ಬೀಳಲಿಲ್ಲ ಎಂದ. ನನ್ನ ತಂಗಿಯ ಮಗಳು ತಲೆ ತಗ್ಗಿಸಿದಳು. ಜನ್ಮವೆಲ್ಲ ಕಾದ ಪ್ರಶಂಸೆ ಬರಬಾರದ ಹೊತ್ತಿಗೆ ಬಂದಿತ್ತು.

ಹಾಗಾದರೆ ಈಗ ಕನ್ನಡದಲ್ಲಿ ಮತ್ತೊಮ್ಮೆ ಮಾಡೋಣ ಎಂದೆ. ಆಗ ಅವನು, ನನ್ನ ಆಯುಷ್ಯದಲ್ಲಿ ಸಾವಿರ ಸಲ ನಾನೇ ಹೇಳಿದ ಮಾತನ್ನು ನನಗೇ ಹೇಳಿದ: ಅದೇ ಪರೀಕ್ಷೆಯನ್ನು ವರ್ಷದೊಳಗೆ ಎರಡನೆಯ ಸಲ ಮಾಡುವಂತಿಲ್ಲ, ಮಗುವಿಗೆ ಅಭ್ಯಾಸವಾಗಿ ಅಂಕ ಕೆಡುತ್ತದೆ. ಅವನ ಕೇಂದ್ರದಲ್ಲಿ ನಾನು ಕಂಡ ಒಂದೇ ಶಾಸ್ತ್ರೀಯ ಸತ್ಯ ಇದು, ಅದನ್ನೂ ಬಾಗಿಲು ಹಾಕಲಿಕ್ಕೆ ಬಳಸಿದ. ಕೊನೆಗೆ ಆ ಬಣ್ಣದ ಅಕ್ಕಿಯ ಚಿಕಿತ್ಸೆಗೆ ಹುಡುಗಿಯ ಹೆಸರು ಬರೆಸಿರೆಂದು ತಾಯಿಗೆ ಸಲಹೆ ಕೊಟ್ಟ. ಆಕೆ ಹೆದರಿ ಬರೆಸಿಯೇಬಿಟ್ಟಳು. ನಾನು ಹೊರಗೆ ಬಂದು ಸೋಪು ಹಚ್ಚಿ ಕೈ ತೊಳೆದುಕೊಂಡೆ. ಏನನ್ನೂ ಮುಟ್ಟಿರಲಿಲ್ಲ.

ನಾನೇ ಇನ್ನೊಂದು ವರದಿ ಬರೆಯಬಹುದಿತ್ತಲ್ಲ ಎಂದರೆ, ನನ್ನ ನೋಂದಣಿ ಮುಗಿದುಹೋಗಿತ್ತು. ಈಗ ನನ್ನ ಸಹಿಗೆ ಹಾಲಿನವನ ಹತ್ತಿರ ಮಾತ್ರ ಬೆಲೆ. ಮೇಲಾಗಿ ಸ್ವಂತ ಮೊಮ್ಮಗಳಂಥವಳ ಬುದ್ಧಿ ಅಳೆಯುವುದು ನಮ್ಮಲ್ಲಿ ನಿಷಿದ್ಧ, ಅದು ಸರಿಯೂ ಹೌದು. ಆದ್ದರಿಂದ ಒಂದು ಸರಕಾರಿ ಆಸ್ಪತ್ರೆಯ ಮನಃಶಾಸ್ತ್ರಜ್ಞೆಯ ಬಳಿಗೆ ಹೋದೆವು. ನನಗೆ ಪರಿಚಯದವರೇನಲ್ಲ, ಸಾಲಿನಲ್ಲಿ ನಿಂತು ಚೀಟಿ ಪಡೆದೆವು. ಗಿರಗುಟ್ಟುವ ಫ್ಯಾನಿನ ಕೆಳಗೆ ಆಕೆ, ಬಾಗಿಲಿನ ತನಕ ಜನ. ಕೋಣೆಯ ಇನ್ನೊಂದು ಮೇಜಿನಲ್ಲಿ ಮತ್ತೊಬ್ಬರು ಯಾರದೋ ವಿಚಾರಣೆ ನಡೆಸಿದ್ದರು. ನಾವು ಹೇಳಿದ್ದನ್ನೆಲ್ಲ ಆಕೆ ಪೂರ್ತಿ ಕೇಳಿಸಿಕೊಂಡು, ತನಗೆ ಕನ್ನಡ ಬಾರದು, ಬೇರೆ ಒಂದು ಪರೀಕ್ಷೆ ಮಾಡುತ್ತೇನೆ, ತಾಯಿ ಪಕ್ಕದಲ್ಲಿ ಕೂತು ನಾನು ಹೇಳಿದ್ದನ್ನಷ್ಟೇ ಕನ್ನಡದಲ್ಲಿ ಹೇಳಬೇಕು, ಉತ್ತರಕ್ಕೆ ಸುಳಿವು ಕೊಟ್ಟರೆ ಎಬ್ಬಿಸಿ ಕಳಿಸುತ್ತೇನೆ ಎಂದಳು.

ಹುಡುಗಿಯ ಕಾಲಿನಲ್ಲಿ ಚಪ್ಪಲಿಯಿತ್ತು, ಆಸ್ಪತ್ರೆಯ ನೆಲ ಚಪ್ಪಲಿ ಕಳಚುವಂಥದ್ದಲ್ಲ. ಸುತ್ತ ಅಪರಿಚಿತರು. ತಾಯಿ ಮೊದಲನೆಯ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಳು, ಕದ್ದ ಮಾಲು ದಾಟಿಸುವವಳಂತೆ, ತುಟಿ ಅಲ್ಲಾಡಿಸದೆ. ಹುಡುಗಿ ಅಮ್ಮನ ಮುಖವನ್ನೂ ಬಾಗಿಲಿನ ಜನವನ್ನೂ ನೋಡಿ ಸುಮ್ಮನೆ ಕೂತಿತು. ಮನಃಶಾಸ್ತ್ರಜ್ಞೆ ಪೆನ್ನು ಕೆಳಗಿಟ್ಟು, ನೀವೇ ನಾಚಿಕೊಂಡರೆ ಅದು ಹೇಗೆ ಮಾತಾಡುತ್ತದೆ, ಜೋರಾಗಿ ಹೇಳಿರಮ್ಮ ಎಂದು ತೆಲುಗಿನಲ್ಲಿ ಗದರಿಸಿದಳು. ನನ್ನ ತಂಗಿಯ ಮಗಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ಫ್ಯಾನ್ ನೋಡಿದೆ. ಇಂಥ ಹೊತ್ತಿನಲ್ಲಿ ಹಿರಿಯರು ಮಾಡಬಹುದಾದ ಉಪಕಾರ ಅದೊಂದೇ.

"ಇಲ್ಲಿ ಮಾತಾಡಿದ್ರ ನಡೀತೈತಿ," ಎಂದಳು ತಾಯಿ, ಇಡೀ ಕೋಣೆಗೆ ಕೇಳುವಂತೆ. "ಚಪ್ಪಲಿ ಇದ್ರೂ ನಡೀತೈತಿ. ನಾ ಬೈಯಂಗಿಲ್ಲ. ನೀ ಮನ್ಯಾಗ ಹೆಂಗ ಮಾತಾಡ್ತಿ ಹಂಗ ಹೇಳು."

ಹುಡುಗಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡಿತು. "ಖರೇನ?" ಎಂದಿತು. ಹೂಂ ಎಂದ ಮೇಲೆ ತಡೆಯಲಾಗಲಿಲ್ಲ. ಮರದ ತುಂಡುಗಳನ್ನು ಜೋಡಿಸಿತು, ಅಂಕಿಗಳನ್ನು ಕೊನೆಯಿಂದ ಮೊದಲಿಗೆ ತಪ್ಪದೆ ಹೇಳಿತು, ಒಂದು ಚಿತ್ರದಲ್ಲಿ ಬರೆದವನ ತಪ್ಪನ್ನೂ ತೋರಿಸಿತು. ತಾಯಿ ಅದನ್ನು ತೆಲುಗಿಗೆ ತಿರುಗಿಸಿ ಹೇಳುತ್ತ ಹೇಳುತ್ತ ಬೆವರಿದಳು. ಕೈಪಿಡಿ ಬರೆದವರು ಇದನ್ನು ಕಂಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು, ಇಷ್ಟೊಂದು ಗದ್ದಲದಲ್ಲಿ ಯಾವ ಬುದ್ಧಿಯನ್ನೂ ಅಳೆಯಬಾರದು. ಆದರೂ ಮನಃಶಾಸ್ತ್ರಜ್ಞೆ ವರದಿಯಲ್ಲಿ ಅದನ್ನೆಲ್ಲ ಬರೆದಳು: ಕೋಣೆಯಲ್ಲಿ ಗದ್ದಲವಿತ್ತು, ತಾಯಿ ದುಭಾಷಿಯಾಗಿದ್ದಳು, ಮಗುವಿನ ಭಾಷೆ ಕನ್ನಡ, ಬುದ್ಧಿ ವಯಸ್ಸಿಗೆ ತಕ್ಕಂತೆ ಇದೆ, ತುಸು ಹೆಚ್ಚೇ ಇರಬಹುದು. ಆ ನಾಲ್ಕು ಸಾಲು ನೋಡಿ ನನಗೆ ಆ ದಿನದ ಮಟ್ಟಿಗೆ ಹೇಸಿಗೆ ಬಿಟ್ಟಿತು. ಚಿಕಿತ್ಸಾ ಮನಃಶಾಸ್ತ್ರದ ಅಭಿವೃದ್ಧಿ ಎಂದು ನಾನು ಒಪ್ಪಬಹುದಾದದ್ದು ಅಷ್ಟೆ.

ಮಾರನೆಯ ದಿನ ಹೇಸಿಗೆ ಮರಳಿ ಬಂತು. ಪ್ರಿನ್ಸಿಪಾಲರು ಹೊಸ ವರದಿಯನ್ನು ಓದಿ ಬಹಳ ಸಂತೋಷಪಟ್ಟರು. ಹುಡುಗಿಯನ್ನು ಎರಡನೆಯ ತರಗತಿಗೆ ಹಾಕಲು ಅಭ್ಯಂತರವಿಲ್ಲ ಎಂದರು. ತಂಗಿಯ ಮಗಳು ಕಣ್ಣೊರೆಸಿಕೊಂಡಳು. ಆಮೇಲೆ ಅವರು, ನೋಡಿದಿರಾ, ನಮ್ಮ ಕೇಂದ್ರದವರ ಚಿಕಿತ್ಸೆಯಿಂದ ಎಷ್ಟು ಬೇಗ ಸುಧಾರಣೆ ಎಂದರು. ಹುಡುಗಿ ಆ ಬಣ್ಣದ ಅಕ್ಕಿಯಲ್ಲಿ ಒಮ್ಮೆ ಕೈಯಾಡಿಸಿತ್ತು, ಒಂದು ಹಿಡಿಯನ್ನು ಕಿಸೆಯಲ್ಲಿ ತುಂಬಿಕೊಂಡು ಪಾರಿವಾಳಕ್ಕೆ ಹಾಕಿತ್ತು. ಮೊದಲ ವರದಿ ತಪ್ಪೆಂದು ನಾನು ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ, ಕೊನೆಗೆ ಉರ್ದುವಿನಲ್ಲಿಯೂ ಹೇಳಿದೆ. ತಪ್ಪು ಎಂಬ ಮಾತು ಅವರಿಗೆ ಯಾವ ಭಾಷೆಯಲ್ಲಿಯೂ ಬರುತ್ತಿರಲಿಲ್ಲ. ಎರಡೂ ವರದಿಗಳು ಕಡತದಲ್ಲಿ ಇರಲಿ, ಒಂದು ಚಿಕಿತ್ಸೆಯ ಮೊದಲಿನದು, ಒಂದು ನಂತರದ್ದು, ಇತರ ತಂದೆತಾಯಿಗಳಿಗೂ ಧೈರ್ಯ ಬರುತ್ತದೆ ಎಂದರು.

ಜೂನಿನಲ್ಲಿ ಶಾಲೆ ತೆರೆಯಿತು. ಹುಡುಗಿ ಮೇಲಿನ ಮಹಡಿಯಲ್ಲಿ, ಉಳಿದ ಮಕ್ಕಳ ನಡುವೆ, ಕಿಟಕಿಯ ಪಕ್ಕ ಕೂತಿತು. ಎಲ್ಲಿ ಬೇಕಾದರೂ ಮಾತಾಡಬಹುದೆಂದು ಒಮ್ಮೆ ಅಪ್ಪಣೆ ಸಿಕ್ಕ ಮೇಲೆ ಅದಕ್ಕೆ ಭಾಷೆಗಳ ಕೊರತೆಯೂ ಉಳಿಯಲಿಲ್ಲ. ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಜಗಳವಾಡಿ, ಹಿಂದಿಯಲ್ಲಿ ರಾಜಿಯಾಗುತ್ತಿತ್ತಂತೆ. ದಸರೆಯ ರಜೆಗೆ ಮುನ್ನ ತಂದೆತಾಯಿಗಳ ಸಭೆಗೆ ತಾಯಿ ಮಗಳ ಜೊತೆ ನಾನೂ ಹೋಗಿದ್ದೆ. ಪ್ರಿನ್ಸಿಪಾಲರು ಮೊಗಸಾಲೆಯಲ್ಲೇ ನಮ್ಮನ್ನು ತಡೆದು, ಹತ್ತಾರು ತಾಯಂದಿರ ನಡುವೆ, ಅದೇ ಸವಿದನಿಯಲ್ಲಿ ಹೇಳಿದರು: ಹುಡುಗಿ ತರಗತಿಯಲ್ಲಿ ವಿಪರೀತ ಮಾತಾಡುತ್ತಾಳೆ, ಗಮನದ ತೊಂದರೆಯಿರಬಹುದು, ಅದೇ ಕೇಂದ್ರದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ತಂಗಿಯ ಮಗಳು ಮುಂದೆ ಬಂದಳು. ಆಕೆಯ ಕಾಲಿನಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿಯಿತ್ತು, ಸುತ್ತ ನಿಂತವರೆಲ್ಲ ಆಕೆಯನ್ನು ತೆಲುಗಿನವಳೆಂದೇ ತಿಳಿದಿದ್ದವರು.

"ಮಾತಾಡ್ಲಿ ಬಿಡ್ರಿ," ಎಂದಳು, ದನಿ ಇಳಿಸದೆ. "ನಾವು ಎಲ್ಲೂ ತೋರಸಂಗಿಲ್ಲ."

ಪ್ರಿನ್ಸಿಪಾಲರಿಗೆ ಅರ್ಥವಾಗಲಿಲ್ಲ. ತಲೆ ಒಂದು ಬದಿಗೆ ವಾಲಿಸಿ ಕಾದರು. ಆಕೆ ತೆಲುಗಿಗೆ ತಿರುಗಿಸಿ ಹೇಳಲಿಲ್ಲ. ಮಗಳ ಕೈ ಹಿಡಿದು ಮೆಟ್ಟಿಲಿನ ಕಡೆಗೆ ನಡೆದಳು, ಹುಡುಗಿ ಆಗಲೇ ಇನ್ನೇನೋ ಹೇಳಲು ಶುರುಮಾಡಿತ್ತು.